ರೋಬೋಟ್ ವ್ಯಾಕ್ಯೂಮ್ ಚಾರ್ಜ್ ಆಗ್ತಿಲ್ವಾ? ಹೊಸ ಬ್ಯಾಟರಿ ತರಿಸುವ ಮುಂಚೆ ಇಷ್ಟು ನೋಡಿ

ಮಳೆಗಾಲ ಹಿಡಿಯಿತು ಅಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಮೂಡಿಗೆರೆಯವರು ಕೇಳುತ್ತಾರೆ, ಸಕಲೇಶಪುರದವರು ಕೇಳುತ್ತಾರೆ, ಕೊಪ್ಪದವರು ಕೇಳುತ್ತಾರೆ. "ಗುಡಿಸುವ ರೋಬೋಟ್ ಸ್ಟ್ಯಾಂಡಿಗೆ ಹೋಗಿ ಕೂರುತ್ತೆ, ಆದರೆ ಚಾರ್ಜ್ ಏರಲ್ಲ. ಬ್ಯಾಟರಿ ಹೋಯ್ತಾ?" ಬೇಸಿಗೆಯಲ್ಲಿ ಕಡೂರು, ಅರಸೀಕೆರೆ ಕಡೆಯಿಂದಲೂ ಇದೇ ಪ್ರಶ್ನೆ.

ನನ್ನ ಉತ್ತರ ಇಷ್ಟೇ: ಬ್ಯಾಟರಿ ಮೇಲೆ ಅನುಮಾನ ಕೊನೆಗಿರಲಿ. ಗೋಡೆಯಿಂದ ರೋಬೋಟಿನ ಹೊಟ್ಟೆಯವರೆಗೆ ಕರೆಂಟ್ ಹೋಗುವ ದಾರಿಯಲ್ಲಿ ಪ್ಲಗ್ ಪಾಯಿಂಟ್, ಅಡಾಪ್ಟರ್, ಡಾಕ್ (ರೋಬೋಟ್ ಚಾರ್ಜಿಗೆ ಹೋಗಿ ಕೂರುವ ಸ್ಟ್ಯಾಂಡ್), ಡಾಕೂ ರೋಬೋಟೂ ಒಂದಕ್ಕೊಂದು ತಾಗುವ ಲೋಹದ ಪಟ್ಟಿಗಳು ಎಲ್ಲ ಇವೆ. ಬ್ಯಾಟರಿ ಇರುವುದು ತುತ್ತತುದಿಯಲ್ಲಿ. ನಮ್ಮ ಮಲೆನಾಡಿನ ಥಂಡಿ, ಆಚೆ ಬಯಲುಸೀಮೆಯ ಧೂಳು, ಎರಡೂ ಮೊದಲು ಕೆಡಿಸುವುದು ಹೊರಗೆ ತೆರೆದುಕೊಂಡಿರುವ ಆ ಲೋಹದ ಪಟ್ಟಿಗಳನ್ನು. ಅವನ್ನು ಸರಿಮಾಡಲು ಒಂದು ಹತ್ತಿ ಬಟ್ಟೆ ಸಾಕು. ಸಾವಿರಾರು ರೂಪಾಯಿ ಕೊಟ್ಟು ಬ್ಯಾಟರಿ ತರಿಸಿದ ಮೇಲೆ ಅದು ಗೊತ್ತಾದರೆ ಬೇಜಾರಾಗುತ್ತದೆ ಅಲ್ವಾ? ಅದಕ್ಕೇ ಈ ಕ್ರಮದಲ್ಲೇ ಹೋಗಿ.

 

ಕೈಗೆ ಸಿಗುವಂತೆ ಇಟ್ಟುಕೊಳ್ಳಿ

ಒಣಗಿದ ಹತ್ತಿ ಬಟ್ಟೆ, ಪೆನ್ಸಿಲ್ ಅಳಿಸುವ ರಬ್ಬರ್, ಟಾರ್ಚ್, ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್. ಈ ಆಲ್ಕೋಹಾಲನ್ನು ಮೊಬೈಲ್ ರಿಪೇರಿಯವರು ಐಪಿಎ ಅನ್ನುತ್ತಾರೆ. ಜಿಡ್ಡು ತೆಗೆದು ತಾನೂ ಬೇಗ ಆರಿಹೋಗುವ ದ್ರವ ಅದು. ಬೇಗ ಬೆಂಕಿ ಹತ್ತುತ್ತದೆ, ಹಾಗಾಗಿ ಒಲೆ, ದೇವರ ದೀಪ, ಊದುಬತ್ತಿಯಿಂದ ದೂರ ಇರಲಿ. ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಅರ್ಧಕ್ಕಿಂತ ಜಾಸ್ತಿ ಕೆಲಸ ಆಗುತ್ತದೆ.

ಹಂತ 1: ಗೋಡೆಯ ಪ್ಲಗ್

ಅದೇ ಪಾಯಿಂಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಮೊಬೈಲ್ ಚಾರ್ಜ್ ಆಗದಿದ್ದರೆ ರೋಬೋಟನ್ನು ಮುಟ್ಟುವ ಅಗತ್ಯವೇ ಇಲ್ಲ, ಎಲೆಕ್ಟ್ರಿಷಿಯನ್‌ನ ಕರೆಯಿರಿ. ಮೊಬೈಲ್ ಚಾರ್ಜ್ ಆದರೆ ಮುಂದಕ್ಕೆ ಹೋಗಿ.

ಡಾಕ್ ಇರುವುದು ನೆಲದ ಹತ್ತಿರ. ಹೀಗಾಗಿ ತುಂಬಾ ಮನೆಗಳಲ್ಲಿ ಹಳೆಯ ಎಕ್ಸ್‌ಟೆನ್ಷನ್ ಬಾಕ್ಸನ್ನು ಸೋಫಾ ಹಿಂದಿನಿಂದ ಎಳೆದಿರುತ್ತಾರೆ. ಅದರ ತೂತು ಸಡಿಲ ಆಗಿದ್ದರೆ ಎರಡು ಪಿನ್ನಿನ ಅಡಾಪ್ಟರ್ ಒಳಗೇ ಅಲ್ಲಾಡುತ್ತಿರುತ್ತದೆ. ರೋಬೋಟ್ ಬಂದು ಡಾಕಿಗೆ ತಾಗಿದಾಗ ವೈರ್ ಸ್ವಲ್ಪ ಎಳೆದರೂ ಸಾಕು, ಸಂಪರ್ಕ ತಪ್ಪುತ್ತದೆ. ಪರೀಕ್ಷೆ ಮಾಡುವಾಗಲಾದರೂ ಎಕ್ಸ್‌ಟೆನ್ಷನ್ ಬಿಟ್ಟು ನೇರವಾಗಿ ಗೋಡೆಗೆ ಹಾಕಿ.

ಕರೆಂಟ್ ಹೋಗಿ ಬಂದ ಮೇಲೆ ತೊಂದರೆ ಶುರುವಾಗಿದ್ದರೆ ಪ್ಲಗ್ ಕಿತ್ತು ಐದು ನಿಮಿಷ ಸುಮ್ನೆ ಬಿಡಿ. ಆಮೇಲೆ ಹಾಕಿ. ಕೆಲವು ಡಾಕ್‌ಗಳು ಕರೆಂಟ್ ಹೋಗಿ ಬರುವ ಗಲಾಟೆಯಲ್ಲಿ ಸಿಕ್ಕಿಕೊಳ್ಳುತ್ತವೆ, ಪೂರ್ತಿ ಆಫ್ ಆಗಿ ಆನ್ ಆದರೆ ಸರಿಹೋಗುತ್ತವೆ. ಅಡಾಪ್ಟರ್ ಮೇಲೆ 100 ರಿಂದ 240 ವೋಲ್ಟ್ ಅಂತ ಬರೆದಿದ್ದರೆ ಸಾಧಾರಣ ಲೋ ವೋಲ್ಟೇಜಿಗೆ ಅದು ಹೆದರುವುದಿಲ್ಲ. ಮನೆಯ ಲೈಟುಗಳೂ ಮಂಕಾಗಿ, ಮಿಕ್ಸಿಯೂ ನಿಧಾನ ಆಗಿದ್ದರೆ ಮಾತು ಬೇರೆ. ಅದು ಲೈನಿನ ಸಮಸ್ಯೆ. ಚಿಕ್ಕಮಗಳೂರು ಜಿಲ್ಲೆ ಮೆಸ್ಕಾಂಗೆ ಸೇರಿದೆ, ಹಾಸನ ಜಿಲ್ಲೆ ಸೆಸ್ಕ್‌ಗೆ. ದೂರು ಕೊಡುವ ನಂಬರ್ ಎರಡಕ್ಕೂ 1912.

ಒಂದು ಎಚ್ಚರಿಕೆ. ಕಾಫಿಗೆ ಹೂ ಮಳೆ ಬೀಳುವ ಮಾರ್ಚ್–ಏಪ್ರಿಲ್‌ನಿಂದ ಭರಣಿ ಮಳೆ ಮುಗಿಯುವವರೆಗೆ ನಮ್ಮಲ್ಲಿ ಗುಡುಗು ಸಿಡಿಲು ಜಾಸ್ತಿ. ಮೋಡ ಕಟ್ಟಿದರೆ ಟಿವಿ ಪ್ಲಗ್ ಕೀಳುವ ಅಭ್ಯಾಸ ಎಲ್ಲರಿಗೂ ಇದೆ. ಡಾಕ್ ಮೂಲೆಯಲ್ಲಿ ಇರುವುದರಿಂದ ಅದು ಯಾರಿಗೂ ನೆನಪಾಗುವುದಿಲ್ಲ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಿ.

ಹಂತ 2: ಅಡಾಪ್ಟರ್

ಡಾಕ್ ಮೇಲಿನ ಲೈಟ್ ನೋಡಿ. ಗೋಡೆಯಲ್ಲಿ ಕರೆಂಟ್ ಇದ್ದೂ ಡಾಕ್ ಲೈಟ್ ಹತ್ತದಿದ್ದರೆ ಅನುಮಾನ ಅಡಾಪ್ಟರ್ ಮೇಲೆ ಅಥವಾ ಅದರ ವೈರ್ ಮೇಲೆ. ಕೆಲವು ಡಾಕ್‌ಗಳಲ್ಲಿ ರೋಬೋಟ್ ಕೂತಾಗ ಲೈಟ್ ತಾನೇ ಆರುತ್ತದೆ, ಅದು ದೋಷ ಅಲ್ಲ. ಹಾಗಾಗಿ ರೋಬೋಟನ್ನು ಪಕ್ಕಕ್ಕಿಟ್ಟು ನೋಡಿ.

ವೈರನ್ನು ಉದ್ದಕ್ಕೂ ಬೆರಳಲ್ಲಿ ಸವರಿ. ಮಂಚದ ಕಾಲಡಿ ಸಿಕ್ಕಿ ಚಪ್ಪಟೆ ಆಗಿದೆಯಾ? ಇಲಿ ಕಡಿದಿದೆಯಾ? ತೋಟದ ಮನೆಗಳಲ್ಲಿ ಇಲಿ ಕಡಿತ ಹೊಸದೇನಲ್ಲ. ಪ್ಲಗ್ ಕಿತ್ತ ಮೇಲೇ ಸವರಿ, ಇದನ್ನು ಮರೆಯಬೇಡಿ.

ಮಲ್ಟಿಮೀಟರ್ ಇದ್ದವರು ಅಡಾಪ್ಟರ್ ಮೇಲಿನ ಸಣ್ಣ ಅಕ್ಷರ ಓದಿ. ಔಟ್‌ಪುಟ್ ಅಂತ ಇರುವ ಕಡೆ ಸಾಮಾನ್ಯವಾಗಿ 19 ಅಥವಾ 20 ವೋಲ್ಟ್ ಡಿಸಿ ಅಂತ ಇರುತ್ತದೆ. ಮೀಟರನ್ನು ಡಿಸಿ 200 ವೋಲ್ಟಿಗೆ ತಿರುಗಿಸಿ. 20 ರಲ್ಲಿಟ್ಟರೆ ಅಡಾಪ್ಟರ್ ಸ್ವಲ್ಪ ಹೆಚ್ಚು ಕೊಟ್ಟರೂ ಪರದೆಯಲ್ಲಿ ಬರೀ 1 ಕಾಣುತ್ತದೆ, ಕೆಟ್ಟಿದೆ ಅಂತ ತಪ್ಪು ತಿಳಿಯುತ್ತೀರಿ. ಕೆಂಪು ಕಡ್ಡಿಯನ್ನು ಪಿನ್ನಿನ ಒಳಗೆ, ಕಪ್ಪನ್ನು ಹೊರಗಿನ ಲೋಹಕ್ಕೆ ಇಡಿ. ಬರೆದಿರುವ ಅಂಕಿಯ ಆಸುಪಾಸು ಬಂದರೆ ಅಡಾಪ್ಟರ್ ಬಹುಮಟ್ಟಿಗೆ ಸರಿ ಇದೆ. ಸೊನ್ನೆ ಬಂದರೆ, ಅಥವಾ ಅಂಕಿ ಏರುತ್ತಾ ಇಳಿಯುತ್ತಾ ಕುಣಿದರೆ, ಅಡಾಪ್ಟರ್ ಕೆಟ್ಟಿದೆ.

ಇಲ್ಲಿ ಜನ ಮಾಡುವ ದೊಡ್ಡ ತಪ್ಪು: ಪಿನ್ ಹೊಂದುತ್ತದೆ ಅಂತ ಹಳೆಯ ಲ್ಯಾಪ್‌ಟಾಪ್ ಚಾರ್ಜರ್, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಸಿಕ್ಕಿಸುವುದು. ವೋಲ್ಟೇಜ್ ಒಂದೇ ಇರಬೇಕು, ಪ್ಲಸ್ ಮೈನಸ್ ಅದೇ ಕಡೆ ಇರಬೇಕು, ಆಂಪಿಯರ್ ಅಂದರೆ ಕರೆಂಟ್ ಕೊಡುವ ಸಾಮರ್ಥ್ಯ ಹಳೆಯದರಷ್ಟಾದರೂ ಇರಬೇಕು. ಇದರಲ್ಲಿ ಒಂದು ತಪ್ಪಿದರೂ ಡಾಕ್ ಸುಡಬಹುದು.

ಇನ್ನು, ಕಸವನ್ನು ತಾನೇ ಎಳೆದುಕೊಳ್ಳುವ ದೊಡ್ಡ ಡಾಕ್‌ಗಳಿಗೆ ಬೇರೆ ಅಡಾಪ್ಟರ್ ಇರುವುದಿಲ್ಲ. ಗೋಡೆಯ 230 ವೋಲ್ಟ್ ನೇರವಾಗಿ ಅದರೊಳಗೆ ಹೋಗುತ್ತದೆ. ಅಂಥದ್ದನ್ನು ಮನೆಯಲ್ಲಿ ಬಿಚ್ಚಲೇಬೇಡಿ.

ಹಂತ 3: ಡಾಕ್ ಕೂತಿರುವ ಜಾಗ

ನಮ್ಮ ಕಡೆಯ ಹಳೆಯ ಮನೆಗಳಲ್ಲಿ ರೆಡ್ ಆಕ್ಸೈಡ್ ನೆಲ. ಉಜ್ಜಿ ಉಜ್ಜಿ ಕನ್ನಡಿ ಥರ ಆಗಿರುತ್ತದೆ. ಅದರ ಮೇಲೆ ಹಗುರ ಡಾಕ್ ನಿಲ್ಲುವುದಿಲ್ಲ. ರೋಬೋಟ್ ಬಂದು ತಳ್ಳಿದಾಗ ಅರ್ಧ ಬೆರಳಷ್ಟು ಹಿಂದಕ್ಕೆ ಜಾರುತ್ತದೆ, ಪಟ್ಟಿಗೆ ಪಟ್ಟಿ ಕೂರುವುದಿಲ್ಲ. ಡಾಕಿನ ಬೆನ್ನು ಗೋಡೆಗೆ ಒತ್ತಿಕೊಂಡಿರಲಿ. ಅಡಿಗೆ ಎರಡೂ ಬದಿ ಅಂಟುವ ಟೇಪ್ ಹಾಕಿ. ನೆಲಕ್ಕೆ ಮೇಣದ ಪಾಲಿಶ್ ಹಾಕಿದ್ದರೆ ಮೊದಲು ಅಷ್ಟು ಜಾಗವನ್ನು ಒರೆಸಿ, ಇಲ್ಲದಿದ್ದರೆ ಟೇಪ್ ಹಿಡಿಯುವುದಿಲ್ಲ.

ಡಾಕನ್ನು ಕಾರ್ಪೆಟ್, ಚಾಪೆ, ಜಮಖಾನದ ಮೇಲೆ ಇಡಬೇಡಿ. ಡಾಕ್ ಒಂದು ಎತ್ತರ, ರೋಬೋಟ್ ಒಂದು ಎತ್ತರ ಆಗುತ್ತದೆ. ನೇರ ಬಿಸಿಲು ಬೀಳುವ ಕಿಟಕಿ ಎದುರೂ ಬೇಡ. ಡಾಕ್ ತನ್ನ ಜಾಗವನ್ನು ರೋಬೋಟಿಗೆ ತಿಳಿಸುವುದು ಇನ್‌ಫ್ರಾರೆಡ್ ಬೆಳಕಿನಿಂದ, ಅಂದರೆ ಟಿವಿ ರಿಮೋಟಿನಲ್ಲಿ ಇರುವಂಥ ಕಣ್ಣಿಗೆ ಕಾಣದ ಬೆಳಕಿನಿಂದ. ಜೋರು ಬಿಸಿಲಿನಲ್ಲಿ ಅದು ಕಳೆದುಹೋಗುತ್ತದೆ. ಎರಡೂ ಪಕ್ಕ ಸುಮಾರು ಅರ್ಧ ಮೀಟರ್, ಮುಂದೆ ಒಂದೂವರೆ ಮೀಟರ್ ಖಾಲಿ ಬಿಡಿ. ನಿಮ್ಮ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ.

ಈಗ ಪ್ಲಗ್ ಕಿತ್ತು ಡಾಕಿನ ಲೋಹದ ಪಟ್ಟಿಗಳನ್ನು ಬೆರಳಿನಿಂದ ಒತ್ತಿ ಬಿಡಿ. ತುಂಬಾ ಮಾದರಿಗಳಲ್ಲಿ ಅವುಗಳ ಕೆಳಗೆ ಸ್ಪ್ರಿಂಗ್ ಇರುತ್ತದೆ. ಎರಡೂ ಒಂದೇ ಥರ ಚಿಮ್ಮಬೇಕು. ಒಂದು ಒಳಗೇ ಉಳಿದರೆ ಸುತ್ತ ಕಸ ಸೇರಿದೆ, ಅಥವಾ ಹಲ್ಲಿ ಹಿಕ್ಕೆ, ಸತ್ತ ಇರುವೆ ಇದೆ. ಹಲ್ಲುಜ್ಜುವ ಒಣ ಬ್ರಷ್ಷಿನಿಂದ ತೆಗೆಯಿರಿ.

ಹಂತ 4: ಪಟ್ಟಿಗಳ ಕಿಲುಬು

ಇದನ್ನು ನಿಧಾನವಾಗಿ ಓದಿ. ನಮ್ಮ ಎರಡು ಜಿಲ್ಲೆಗಳಲ್ಲಿ ನಾನು ಕಂಡ ಚಾರ್ಜ್ ತೊಂದರೆಗಳಲ್ಲಿ ಜಾಸ್ತಿ ಇಲ್ಲೇ ಮುಗಿದಿವೆ.

ರೋಬೋಟನ್ನು ಆಫ್ ಮಾಡಿ. ನೀರಿನ ಟ್ಯಾಂಕ್ ಇದ್ದರೆ ಮೊದಲು ತೆಗೆಯಿರಿ, ಇಲ್ಲದಿದ್ದರೆ ಮಗುಚಿದಾಗ ನೀರು ಒಳಗೆ ಹೋಗುತ್ತದೆ. ದಪ್ಪ ಟವಲ್ ಹಾಸಿ ಬೋರಲು ಹಾಕಿ. ಮುಂಭಾಗದ ಪುಟ್ಟ ಚಕ್ರದ ಎರಡು ಪಕ್ಕ ಬೆರಳಗಲದ ಎರಡು ಲೋಹದ ತುಂಡುಗಳು ಕಾಣುತ್ತವೆ. ಕೆಲವು ಮಾದರಿಗಳಲ್ಲಿ ಇವು ಬದಿಯಲ್ಲೋ ಹಿಂದೆಯೋ ಇರುತ್ತವೆ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಆರೋಗ್ಯವಾಗಿರುವ ಲೋಹ ಫಳ್ ಅಂತ ಹೊಳೆಯುತ್ತದೆ. ಕಿಲುಬು ಹಿಡಿದದ್ದು ಮಂಕಾಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಅಂಚಿನಲ್ಲಿ ಹಸಿರು ಪುಡಿ ಇದ್ದರೂ ಇರಬಹುದು. ಮಧ್ಯದಲ್ಲಿ ಒಂದು ಕಪ್ಪು ಚುಕ್ಕೆ ಕಂಡರೆ ಅಲ್ಲಿ ಕಿಡಿ ಹಾರಿದೆ ಅಂತ ಅರ್ಥ. ಸರಿಯಾಗಿ ತಾಗದೆ ಬಿಟ್ಟು ಬಿಟ್ಟು ಕರೆಂಟ್ ಹರಿದಾಗ ಹೀಗಾಗುತ್ತದೆ.

ಆರಿದ್ರಾ, ಪುನರ್ವಸು ಮಳೆಯಲ್ಲಿ ಪಾತ್ರೆ ಬಟ್ಟೆ ಇರಲಿ, ಗೋಡೆಗೇ ಬೂಷ್ಟು ಹಿಡಿಯುತ್ತದೆ. ಅಂಥ ಗಾಳಿಯಲ್ಲಿ ತೆರೆದ ಲೋಹಕ್ಕೆ ಕಿಲುಬು ಬರದೇ ಇರುವುದಿಲ್ಲ. ಇದರ ಜೊತೆ ನೆಲ ಒರೆಸುವ ರೋಬೋಟ್ ಆದರೆ ಒದ್ದೆ ಬಟ್ಟೆಯ ಸಮೇತ ಡಾಕಿನಲ್ಲಿ ಕೂತು ರಾತ್ರಿಯೆಲ್ಲಾ ತೇವ ಬಿಡುತ್ತಿರುತ್ತದೆ. ಇನ್ನೊಂದು ಕಾರಣ ಹೇಳಿದರೆ ಹಲವರಿಗೆ ಆಶ್ಚರ್ಯ ಆಗುತ್ತದೆ: ಉಪ್ಪು. ನೆಲ ಒರೆಸುವ ನೀರಿಗೆ ಕಲ್ಲುಪ್ಪು ಹಾಕುವ ರೂಢಿ ನಮ್ಮಲ್ಲಿ ತುಂಬಾ ಮನೆಗಳಲ್ಲಿದೆ. ಉಪ್ಪು ನೀರು ಲೋಹವನ್ನು ಬೇಗ ತಿನ್ನುತ್ತದೆ. ಕೈಯಿಂದ ಒರೆಸುವ ದಿನ ನಿಮ್ಮ ಪದ್ಧತಿ ಬಿಡಬೇಕಿಲ್ಲ, ಆದರೆ ರೋಬೋಟಿನ ಟ್ಯಾಂಕಿಗೆ ಉಪ್ಪು, ಫಿನೈಲ್ ಹಾಕಬೇಡಿ. ಡಾಕಿನ ಸುತ್ತ ಎರಡು ಅಡಿ ಜಾಗವನ್ನು ಸಾದಾ ನೀರಿನಲ್ಲಿ ಹಿಂಡಿದ ಬಟ್ಟೆಯಿಂದಲೇ ಒರೆಸಿ.

ಸ್ವಚ್ಛ ಮಾಡುವ ರೀತಿ ಹೀಗೆ. ಡಾಕಿನ ಪ್ಲಗ್ ಕೀಳಿ. ಒಣ ಬಟ್ಟೆಯಿಂದ ಧೂಳು ತೆಗೆಯಿರಿ. ಪೆನ್ಸಿಲ್ ರಬ್ಬರಿನಿಂದ ಲೋಹವನ್ನು ಒಂದೇ ದಿಕ್ಕಿನಲ್ಲಿ ಹಗುರವಾಗಿ ಉಜ್ಜಿ. ರಬ್ಬರ್ ಕಪ್ಪಾಗುತ್ತಾ ಬಂದರೆ ಕಿಲುಬು ಬಿಡುತ್ತಿದೆ. ಉದುರಿದ ಚೂರುಗಳನ್ನು ಬ್ರಷ್ಷಿನಿಂದ ಝಾಡಿಸಿ, ಬಟ್ಟೆಯ ತುದಿಗೆ ಎರಡು ಹನಿ ಐಪಿಎ ಹಾಕಿ ಒರೆಸಿ. ಆರಲು ಹತ್ತು ನಿಮಿಷ ಬಿಡಿ. ರೋಬೋಟಿನ ಎರಡು, ಡಾಕಿನ ಎರಡು, ನಾಲ್ಕನ್ನೂ ಮಾಡಬೇಕು. ಒಂದು ಕಡೆ ಮಾತ್ರ ಒರೆಸಿ "ಏನೂ ಪ್ರಯೋಜನ ಆಗಲಿಲ್ಲ" ಅನ್ನುವವರು ಬಹಳ.

ಮರಳು ಕಾಗದ, ಚಾಕು, ಪಾತ್ರೆ ತಿಕ್ಕುವ ಕಬ್ಬಿಣದ ನಾರು ಬೇಡವೇ ಬೇಡ. ಲೋಹದ ಮೇಲೆ ತೆಳು ಲೇಪನ ಇರುತ್ತದೆ. ಅದು ಕೆರೆದು ಹೋದರೆ ಮುಂದಿನ ಮಳೆಗೆ ಕಿಲುಬು ಇನ್ನೂ ಬೇಗ ಬರುತ್ತದೆ. ತುಕ್ಕು ಹಿಡಿಯದಿರಲಿ ಅಂತ ಕೊಬ್ಬರಿ ಎಣ್ಣೆ ಸವರುವವರೂ ಇದ್ದಾರೆ. ಎಣ್ಣೆಗೆ ಧೂಳು ಅಂಟಿ ಎರಡೇ ದಿನದಲ್ಲಿ ಸಂಪರ್ಕ ಮತ್ತೆ ತಪ್ಪುತ್ತದೆ.

ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಬಯಲುಸೀಮೆಯವರಿಗೆ, ಕಾಫಿ ಕಣ ಪಕ್ಕದಲ್ಲೇ ಇರುವವರಿಗೆ ಕಿಲುಬಿಗಿಂತ ಧೂಳೇ ಜಾಸ್ತಿ. ಒಣಗಿದ ಚೆರಿ ಕಾಫಿಯ ಸಿಪ್ಪೆ ಧೂಳು ಕುಯ್ಲಿನ ಸಮಯದಲ್ಲಿ ಎಲ್ಲಾ ಕಡೆ ಕೂರುತ್ತದೆ. ಆ ತಿಂಗಳುಗಳಲ್ಲಿ ನೀವೂ ವಾರಕ್ಕೊಮ್ಮೆ ನೋಡಿ.

ಹಂತ 5: ಕೈಯಿಂದ ಕೂರಿಸಿ ನೋಡಿ

ಪ್ಲಗ್ ಹಾಕಿ, ರೋಬೋಟನ್ನು ಕೈಯಿಂದ ಎತ್ತಿ ಡಾಕ್ ಮೇಲೆ ನೇರವಾಗಿ ಕೂರಿಸಿ. ಬದಿಯಲ್ಲೋ ಅಡಿಯಲ್ಲೋ ಮುಖ್ಯ ಸ್ವಿಚ್ ಇರುವ ಮಾದರಿ ಆದರೆ ಅದು ಆನ್ ಇರಬೇಕು. ಕೆಲವು ಮಾದರಿಗಳು ಆ ಸ್ವಿಚ್ ಆಫ್ ಇದ್ದರೆ ಚಾರ್ಜ್ ಆಗುವುದೇ ಇಲ್ಲ. ಸ್ವಚ್ಛ ಮಾಡುವಾಗ ಆಫ್ ಮಾಡಿ ಹಾಗೇ ಬಿಟ್ಟಿರುತ್ತೀರಿ, ನೋಡಿಕೊಳ್ಳಿ.

ಕೈಯಿಂದ ಕೂರಿಸಿದರೆ ಚಾರ್ಜ್ ಆಗುತ್ತದೆ, ತಾನೇ ಹೋದಾಗ ಆಗುವುದಿಲ್ಲ ಅಂದರೆ ಬ್ಯಾಟರಿ, ಅಡಾಪ್ಟರ್ ಎರಡೂ ಚೆನ್ನಾಗಿವೆ. ರೋಬೋಟ್ ಸರಿಯಾಗಿ ಹೋಗಿ ಕೂರುತ್ತಿಲ್ಲ ಅಷ್ಟೇ. ಮುಂಚಕ್ರವನ್ನು ಎಳೆದು ತೆಗೆದು ಅದರ ಕಡ್ಡಿಗೆ ಸುತ್ತಿದ ಕೂದಲು ಬಿಡಿಸಿ. ರೋಬೋಟಿನ ಮುಂದೆ ಮತ್ತು ಡಾಕಿನ ಮೇಲೆ ಇರುವ ಕಪ್ಪು ಗಾಜಿನಂಥ ಕಿಟಕಿ ಒರೆಸಿ. ದೊಡ್ಡ ಚಕ್ರಗಳ ಹಲ್ಲಿನಲ್ಲಿ ಮೇಣ, ಜಿಡ್ಡು ಇದ್ದರೆ ಡಾಕಿನ ಇಳಿಜಾರು ಹತ್ತುವಾಗ ಜಾರುತ್ತವೆ. ಅದನ್ನೂ ಒರೆಸಿ.

ಕೈಯಿಂದ ಕೂರಿಸಿದರೂ ಆಗದಿದ್ದರೆ ಒಮ್ಮೆ ರೀಸ್ಟಾರ್ಟ್ ಮಾಡಿ. ಪವರ್ ಬಟನ್ ಎಷ್ಟು ಹೊತ್ತು ಒತ್ತಬೇಕು ಅನ್ನುವುದು ಮಾದರಿಗೆ ತಕ್ಕಂತೆ ಬೇರೆ, ಕೈಪಿಡಿ ನೋಡಿ. ಫ್ಯಾಕ್ಟರಿ ರೀಸೆಟ್ ಬೇರೆ, ರೀಸ್ಟಾರ್ಟ್ ಬೇರೆ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಮನೆಯ ನಕ್ಷೆ, ವೈಫೈ ಎಲ್ಲಾ ಅಳಿಸಿಹೋಗುತ್ತದೆ. ಆತುರ ಬೇಡ.

ಮುಟ್ಟಿದರೆ ರೋಬೋಟ್ ಬಿಸಿ ಇದೆಯಾ? ಅರ್ಧ ಗಂಟೆ ತಣ್ಣಗಾಗಲು ಬಿಡಿ. ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ 0 ಯಿಂದ 45 ಡಿಗ್ರಿ ಸೆಲ್ಸಿಯಸ್ ಒಳಗೆ ಮಾತ್ರ ಚಾರ್ಜ್ ಮಾಡಬೇಕು. ಅದು ದಾಟಿದರೆ ಯಂತ್ರ ತಾನೇ ಚಾರ್ಜ್ ನಿಲ್ಲಿಸುತ್ತದೆ.

ಮೀಟರ್ ಇರುವವರಿಗೆ ಒಂದು ಮಾತು. ಖಾಲಿ ಡಾಕಿನ ಪಟ್ಟಿಗಳಿಗೆ ಮೀಟರ್ ಇಟ್ಟರೆ ಕೆಲವದರಲ್ಲಿ ಪೂರ್ತಿ ವೋಲ್ಟೇಜ್ ಬರುತ್ತದೆ. ಇನ್ನು ಕೆಲವು ರೋಬೋಟ್ ಬಂದು ಕೂತಿದೆ ಅಂತ ಗೊತ್ತಾಗುವವರೆಗೆ ತೀರಾ ಕಡಿಮೆ ವೋಲ್ಟೇಜ್ ಮಾತ್ರ ಕೊಡುತ್ತವೆ. ಮಕ್ಕಳು ಮುಟ್ಟಿದರೂ ಅಪಾಯ ಆಗದಿರಲಿ, ಶಾರ್ಟ್ ಆಗದಿರಲಿ ಅಂತ ಹಾಗೆ ಮಾಡಿರುತ್ತಾರೆ. ಕಡಿಮೆ ಬಂತು ಅಂತ ಡಾಕನ್ನು ಎಸೆಯಬೇಡಿ.

ಹಂತ 6: ಈಗ ಬ್ಯಾಟರಿ

ಇಲ್ಲಿಯವರೆಗೂ ಏನೂ ಫಲ ಕೊಡದಿದ್ದರೆ ಬ್ಯಾಟರಿ ನೋಡಬೇಕು. ವಾರಂಟಿ ಇನ್ನೂ ಇದ್ದರೆ ಇಲ್ಲೇ ನಿಲ್ಲಿಸಿ, ಸ್ಕ್ರೂ ಮುಟ್ಟದೆ ನೇರ ಹಂತ 7 ಕ್ಕೆ ಹೋಗಿ.

ಮೊದಲು ಒಂದು ಪ್ರಶ್ನೆ: ರೋಬೋಟ್ ತಿಂಗಳುಗಟ್ಟಲೆ ಸುಮ್ಮನೆ ಕೂತಿತ್ತಾ? ಬೆಂಗಳೂರಲ್ಲಿ ಕೆಲಸ ಮಾಡುತ್ತಾ ರಜೆಗೆ ಮಾತ್ರ ತೋಟದ ಮನೆಗೆ ಬರುವವರು, ಮಳೆಗಾಲದಲ್ಲಿ ಹೋಂಸ್ಟೇ ಮುಚ್ಚುವವರು, ಇವರ ಯಂತ್ರಗಳಲ್ಲಿ ಇದು ಸಾಮಾನ್ಯ. ಮನೆಯ ಮೇನ್ ಸ್ವಿಚ್ ಆಫ್ ಮಾಡಿ ಹೋಗಿರುತ್ತಾರೆ, ಡಾಕಿಗೆ ಕರೆಂಟ್ ಇರುವುದಿಲ್ಲ. ಬ್ಯಾಟರಿ ತಾನಾಗಿ ಇಳಿಯುತ್ತಾ ತಳ ಮುಟ್ಟುತ್ತದೆ. ಆಗ ಒಳಗಿನ ರಕ್ಷಣಾ ಸರ್ಕ್ಯೂಟ್ ಬಾಗಿಲು ಹಾಕಿಬಿಡುತ್ತದೆ. ಪಟ್ಟಿಗಳನ್ನು ಒರೆಸಿ, ಡಾಕ್ ಮೇಲೆ ಕೂರಿಸಿ, ಮನೆಯಲ್ಲಿ ಜನ ಇರುವ ಹೊತ್ತಿನಲ್ಲಿ ನಾಲ್ಕೈದು ಗಂಟೆ ಬಿಡಿ. ನಿಧಾನವಾಗಿ ಎದ್ದು ಕೂರುವುದೂ ಉಂಟು. ಎದ್ದೇಳದಿದ್ದರೆ ಬೇರೆ ಬ್ಯಾಟರಿಯಿಂದ ನೇರವಾಗಿ ವೈರ್ ಕೊಟ್ಟು ಎಬ್ಬಿಸುವ ವಿಡಿಯೊಗಳನ್ನು ನೋಡಿ ಹಾಗೆ ಮಾಡಬೇಡಿ. ತಳ ಮುಟ್ಟಿದ ಲಿಥಿಯಂ ಸೆಲ್ಲಿಗೆ ಹಾಗೆ ಬಲವಂತವಾಗಿ ಚಾರ್ಜ್ ಕೊಟ್ಟರೆ ಬೆಂಕಿ ಹತ್ತಬಹುದು. ಇದನ್ನು ಹೆದರಿಸಲು ಹೇಳುತ್ತಿಲ್ಲ, ನಿಜವಾಗಿಯೂ ಅಪಾಯ ಇದೆ.

ವಾರಂಟಿ ಮುಗಿದಿದ್ದರೆ ರೋಬೋಟ್ ಆಫ್ ಮಾಡಿ ಅಡಿಯ ಮುಚ್ಚಳ ಬಿಚ್ಚಿ. ಬ್ಯಾಟರಿಯ ವೈರ್ ಒಂದು ಪ್ಲಾಸ್ಟಿಕ್ ಕೊಂಡಿಯಲ್ಲಿ ಸೇರಿರುತ್ತದೆ. ವೈರ್ ಹಿಡಿದು ಜಗ್ಗಬೇಡಿ, ಕೊಂಡಿಯನ್ನೇ ಹಿಡಿದು ಬಿಡಿಸಿ, ಮತ್ತೆ ಸಿಕ್ಕಿಸಿ. ಸಡಿಲ ಆಗಿದ್ದರೆ ಇಷ್ಟಕ್ಕೇ ಸರಿಹೋಗುತ್ತದೆ. ಬ್ಯಾಟರಿ ಉಬ್ಬಿದ್ದರೆ, ಹೊದಿಕೆ ಕರಗಿದ್ದರೆ, ನೇಲ್ ಪಾಲಿಶ್ ಥರದ ವಾಸನೆ ಬಂದರೆ ಮತ್ತೆ ಸಿಕ್ಕಿಸಬೇಡಿ.

ಈಗಿನ ಬಹುಪಾಲು ಮಾದರಿಗಳಲ್ಲಿ ನಾಲ್ಕು ಲಿಥಿಯಂ ಸೆಲ್ಲುಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಮೇಲೆ 14.4 ಅಥವಾ 14.8 ವೋಲ್ಟ್ ಅಂತ ಬರೆದಿರುತ್ತದೆ. ಪೂರ್ತಿ ಚಾರ್ಜ್ ಆದಾಗ ಇದು 16.8 ವೋಲ್ಟ್ ಹತ್ತಿರ ತೋರಿಸಬೇಕು. 12 ಕ್ಕಿಂತ ಕೆಳಗಿದ್ದರೆ ತುಂಬಾ ಇಳಿದಿದೆ. ಸೊನ್ನೆ ಬಂದರೆ ರಕ್ಷಣಾ ಸರ್ಕ್ಯೂಟ್ ಮುಚ್ಚಿಕೊಂಡಿದೆ ಅಥವಾ ಬ್ಯಾಟರಿ ಮುಗಿದಿದೆ. ಚಾರ್ಜ್ ಪೂರ್ತಿ ಅಂತ ತೋರಿಸಿ ಹತ್ತೇ ನಿಮಿಷಕ್ಕೆ ವಾಪಸ್ ಓಡಿದರೆ ಅದು ವಯಸ್ಸಾದ ಲಕ್ಷಣ. ಬದಲಿಸುವುದೇ ಸರಿ.

ಹೊಸದು ತರಿಸುವಾಗ ರೋಬೋಟಿನ ಅಡಿಯಲ್ಲಿರುವ ಮಾದರಿ ಸಂಖ್ಯೆ ನೋಡಿ ತರಿಸಿ. ಕೊಂಡಿಯ ಆಕಾರ, ವೈರ್‌ಗಳ ಸಂಖ್ಯೆ ಎರಡೂ ಒಂದೇ ಇರಬೇಕು. ಕೆಂಪು ಕಪ್ಪು ಬಿಟ್ಟು ಇರುವ ತೆಳು ವೈರ್ ಸಾಮಾನ್ಯವಾಗಿ ಬ್ಯಾಟರಿಯ ಬಿಸಿ ಎಷ್ಟು ಅಂತ ಯಂತ್ರಕ್ಕೆ ತಿಳಿಸುತ್ತದೆ. ಅದಿಲ್ಲದಿದ್ದರೆ ಚಾರ್ಜ್ ಆಗುವುದಿಲ್ಲ. ಎಂಎಎಚ್ ಅಂದರೆ ಬ್ಯಾಟರಿಯಲ್ಲಿ ಎಷ್ಟು ತುಂಬುತ್ತದೆ ಅನ್ನುವ ಅಳತೆ. ಇದರಲ್ಲಿ ಮೋಸ ಜಾಸ್ತಿ. ರೋಬೋಟ್‌ಗಳಲ್ಲಿ ಹೆಚ್ಚಾಗಿ ಇರುವ 18650 ಅನ್ನುವ ಉರುಟು ಸೆಲ್ಲಿನಲ್ಲಿ ಸಾಮಾನ್ಯವಾಗಿ 3500 ರವರೆಗೆ ಹಿಡಿಯುತ್ತದೆ. ಇಂಥ ಸೆಲ್ಲಿನ 5200 ರ ಅಸಲಿ ಪ್ಯಾಕಿನಲ್ಲಿ ಎಂಟು ಸೆಲ್ ಇರುತ್ತವೆ, ಗಾತ್ರವೂ ತೂಕವೂ ಹೆಚ್ಚು. ನಾಲ್ಕೇ ಸೆಲ್ಲಿನ ಪ್ಯಾಕ್ ಮೇಲೆ 6000 ಅಂತ ಬರೆದು ಅಗ್ಗಕ್ಕೆ ಮಾರುತ್ತಿದ್ದರೆ ಕೊಳ್ಳಬೇಡಿ.

ಹಂತ 7: ಸರ್ವಿಸ್‌ಗೆ ಕಳಿಸುವಾಗ

ಹೊಸ ಬ್ಯಾಟರಿ ಹಾಕಿದರೂ ಚಾರ್ಜ್ ಆಗದಿದ್ದರೆ ಒಳಗಿನ ಚಾರ್ಜಿಂಗ್ ಬೋರ್ಡ್ ಹೋಗಿದೆ. ಸಿಡಿಲಿನ ಮಾರನೇ ದಿನದಿಂದ ನಿಂತಿದ್ದರೆ ಇದರ ಸಾಧ್ಯತೆ ಜಾಸ್ತಿ. ಇದು ಮನೆಯಲ್ಲಿ ಆಗುವ ಕೆಲಸ ಅಲ್ಲ.

ಕಳಿಸುವ ಮುಂಚೆ ತೊಂದರೆಯ ವಿಡಿಯೊ ಮಾಡಿಕೊಳ್ಳಿ: ಡಾಕ್ ಲೈಟ್, ರೋಬೋಟ್ ಲೈಟ್, ಆ್ಯಪಿನಲ್ಲಿ ಬರುವ ಸೂಚನೆ ಎಲ್ಲಾ ಕಾಣಲಿ. ಸೀರಿಯಲ್ ನಂಬರ್, ಬಿಲ್ ಫೋಟೊ ಇರಲಿ. ಡಾಕ್, ಅಡಾಪ್ಟರ್ ಎರಡನ್ನೂ ಜೊತೆಗೇ ಕಳಿಸಿ. ಬರೀ ರೋಬೋಟ್ ಹೋದರೆ ಅಲ್ಲಿಯ ಡಾಕ್ ಮೇಲೆ ಚೆನ್ನಾಗಿ ಚಾರ್ಜ್ ಆಗಿ "ತೊಂದರೆ ಇಲ್ಲ" ಅಂತ ವಾಪಸ್ ಬರುತ್ತದೆ. ಕೊರಿಯರ್‌ನವರಿಗೆ ಒಳಗೆ ಲಿಥಿಯಂ ಬ್ಯಾಟರಿ ಇದೆ ಅಂತ ಮೊದಲೇ ಹೇಳಿ, ಅದನ್ನು ಸಾಗಿಸಲು ನಿಯಮಗಳಿವೆ.

ವಾರಂಟಿ ಇದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಕ್ಕೆ ಫೋನ್ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಹಾಸನ, ಚಿಕ್ಕಮಗಳೂರು ಎರಡೂ ಕಡೆ ಜಿಲ್ಲಾ ಗ್ರಾಹಕರ ಆಯೋಗ ಇದೆ.

ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಹೋಗುವವರು ರೋಬೋಟನ್ನು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಚಾರ್ಜ್ ಮಾಡಿ, ಮುಖ್ಯ ಸ್ವಿಚ್ ಆಫ್ ಮಾಡಿ, ಡಾಕಿನಿಂದ ತೆಗೆದು ನೆಲಕ್ಕಿಂತ ಎತ್ತರದ ಒಣ ಕಪಾಟಿನಲ್ಲಿಡಿ. ಎರಡು ಮೂರು ತಿಂಗಳಿಗೊಮ್ಮೆ ಬಂದಾಗ ಚಾರ್ಜ್ ಮಾಡಿ.

ಸತ್ತ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬೇಡಿ, ತೋಟದಲ್ಲಿ ಹೂಳಬೇಡಿ, ತರಗೆಲೆ ಜೊತೆ ಸುಡಲಂತೂ ಬೇಡಿ. 2022 ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಹಳೆಯದನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಹೊಸದು ಕೊಳ್ಳುವಾಗಲೇ ಹಳೆಯದನ್ನು ತೆಗೆದುಕೊಳ್ಳುತ್ತೀರಾ ಅಂತ ಕೇಳಿ. ಕೊಡುವವರೆಗೆ ಅದರ ಕೊಂಡಿಯ ಬಾಯಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಮಕ್ಕಳ ಕೈಗೆ ಸಿಗದ ಒಣ ಜಾಗದಲ್ಲಿ ಬೇರೆಯಾಗಿ ಇಟ್ಟಿರಿ.